ದೊಡ್ಡಪ್ಪನಿಗೆ ಯಾವುದು ಸಾಕು

ದೊಡ್ಡಪ್ಪನ ತಟ್ಟೆಗೆ ಎರಡನೆಯ ಮೊಟ್ಟೆ ಬಿದ್ದಾಗಲೇ ಮನೆಯಲ್ಲಿ ಏನೋ ಮಸಲತ್ತು ನಡೆದಿದೆಯೆಂದು ಅವನಿಗೆ ವಾಸನೆ ಹೊಡೆಯಿತು. ಆ ಮನೆಯಲ್ಲಿ ಯಾರಿಗೂ ಸುಮ್ಮಸುಮ್ಮನೆ ಎರಡನೆಯ ಮೊಟ್ಟೆ ಬೀಳುವುದಿಲ್ಲ. ಜ್ವರ ಬಿಟ್ಟು ಎದ್ದವರಿಗೂ ಬೀಳುವುದಿಲ್ಲ. ತಮ್ಮನ ಹೆಂಡತಿ ತಾನೇ ಅದರ ಸಿಪ್ಪೆ ಸುಲಿದು, ಮೇಲೆ ಉಪ್ಪು ಉದುರಿಸಿ, "ತಿನ್ನಿ ಭಾವ, ಇತ್ತೀಚೆಗೆ ತುಂಬಾ ಸೊರಗಿದೀರ" ಅಂದಳು. ದೊಡ್ಡಪ್ಪ ಮೊಟ್ಟೆಯನ್ನು ನೋಡಿದ, ಅವಳನ್ನು ನೋಡಿದ, ಆಮೇಲೆ ತಿಂದ. ಮಸಲತ್ತು ಅದರ ಪಾಡಿಗೆ ಅದು, ಮೊಟ್ಟೆ ಅದರ ಪಾಡಿಗೆ ಅದು.

ಅವನು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿಕೊಂಡಿದ್ದು ನಿವೃತ್ತನಾದವನು. ಕೆಲಸವಿದ್ದಷ್ಟು ಕಾಲವೂ ಜನ ಅವನ ಮುಖಕ್ಕೇ ಸುಳ್ಳು ಹೇಳಿದ್ದರು. ಟಿಕೆಟ್ಟು ಗಾಳಿಗೆ ಹಾರಿಹೋಯಿತು ಸಾರ್, ಮಗು ನುಂಗಿಬಿಟ್ಟಿತು ಸಾರ್, ಗಂಡನ ಜೇಬಿನಲ್ಲಿದೆ ಸಾರ್, ಗಂಡ ಹಿಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟ ಸಾರ್. ಇಷ್ಟೆಲ್ಲ ಕೇಳಿಸಿಕೊಂಡವನಿಗೆ ಮನುಷ್ಯರ ಮೇಲೆ ದ್ವೇಷವೇನೂ ಹುಟ್ಟಿರಲಿಲ್ಲ, ತಾತ್ಸಾರ ಹುಟ್ಟಿತ್ತು. ನಿವೃತ್ತನಾದ ದಿನ ಪೆಟ್ಟಿಗೆಯ ಜೊತೆ ಅದನ್ನೂ ಮನೆಗೆ ಹೊತ್ತು ತಂದಿದ್ದ. ಮದುವೆ ಆಗಿರಲಿಲ್ಲ. ಅಪ್ಪ ಕಟ್ಟಿಸಿದ ಮನೆ ಅಣ್ಣತಮ್ಮಂದಿರಿಬ್ಬರಿಗೂ ಸೇರಿದ್ದು. ಬೀದಿಗೆ ಮುಖ ಮಾಡಿದ ಮುಂದಿನ ರೂಮಿನಲ್ಲಿ ಅವನು, ಉಳಿದ ಮನೆಯಲ್ಲಿ ತಮ್ಮನ ಸಂಸಾರ.

ಆ ಸಂಸಾರದ ಒಬ್ಬೊಬ್ಬರಿಗೂ ಅವನು ಮನಸ್ಸಿನಲ್ಲೇ ಹೆಸರಿಟ್ಟಿದ್ದ. ತಮ್ಮ ಹಾರ್ಡ್‌ವೇರ್ ಅಂಗಡಿಯ ಗಲ್ಲಾದ ಮುಂದೆ ಕೂರುವವನು, ಎಂಜಲು ಕೈಯಲ್ಲಿ ಕಾಗೆ ಓಡಿಸದವನು, ಅವನು ಖಜಾಂಚಿ. ತಮ್ಮನ ಹೆಂಡತಿ ಯಜಮಾನಿ. ಮನೆಯಲ್ಲಿ ಯಾರು ಯಾವಾಗ ನಗಬೇಕೆಂಬುದನ್ನೂ ಅವಳೇ ತೀರ್ಮಾನಿಸುತ್ತಿದ್ದಳು. ಮಗ ಪೀಠೋಪಕರಣದ ಮಳಿಗೆಯಲ್ಲಿ ಸೋಫಾ ಮಾರುತ್ತಿದ್ದ, ಮನೆಯಲ್ಲೂ ಗಿರಾಕಿಗಳ ಜೊತೆ ಮಾತಾಡಿದ ಹಾಗೇ ಮಾತಾಡುತ್ತಿದ್ದ, ಅವನು ಸೋಫಾರಾಯ. ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೌಂಟರಿನ ಹಿಂದೆ ಕೂರುವವಳು. ಅವಳೊಬ್ಬಳಿಗೆ ದೊಡ್ಡಪ್ಪ ಕುಹಕದ ಹೆಸರು ಇಟ್ಟಿರಲಿಲ್ಲ. ಪುಟ್ಟಿ ಅಂತಲೇ ಕರೆಯುತ್ತಿದ್ದ.

ಇನ್ನೊಂದು ಸಂಗತಿ ಹೇಳಬೇಕು. ರೈಲಿನ ಗದ್ದಲಕ್ಕೆ ದೊಡ್ಡಪ್ಪನ ಎಡಗಿವಿ ಮಂದವಾಗಿತ್ತು. ಬಲಗಿವಿ ಚೆನ್ನಾಗಿಯೇ ಇತ್ತು. ಮನೆಯವರು ಎರಡೂ ಹೋಗಿವೆ ಎಂದುಕೊಂಡಿದ್ದರು, ಅವನು ತಿದ್ದಲು ಹೋಗಿರಲಿಲ್ಲ. ಕಿವುಡನ ಮುಂದೆ ಜನ ಬಲು ಧಾರಾಳವಾಗಿ ಮಾತಾಡುತ್ತಾರೆ. ಮನೆಯಲ್ಲಿ ಧಾರಾಳವಾಗಿ ಸಿಗುತ್ತಿದ್ದದ್ದು ಅದೊಂದೇ, ಅದನ್ನು ಯಾಕೆ ಕಳೆದುಕೊಳ್ಳಬೇಕು?

"ದೊಡ್ಡಪ್ಪಾ!" ಸೋಫಾರಾಯ ಅವನ ಕಿವಿಯ ಹತ್ತಿರ ಬಾಗಿ ಕೂಗಿದ. "ನಿಮಗೊಂದು ದೊಡ್ಡ ಫೋನು ಕೊಡಿಸೋಣ ಅಂತಿದೀವಿ!"

"ಯಾಕೆ, ಇರೋ ಫೋನಿಗೆ ಏನಾಗಿದೆ?"

"ಅದು ಗುಂಡಿ ಒತ್ತೋ ಫೋನು. ಅದನ್ನ ಈಗ ಮಕ್ಕಳೂ ಆಟಕ್ಕೆ ಮುಟ್ಟಲ್ಲ."

"ನಂಗೆ ಫೋನ್ ಮಾಡೋರು ಯಾರಿದಾರೆ? ಗ್ಯಾಸಿನವನು, ಪಿಂಚಣಿ ಆಫೀಸಿನವನು. ಅವರಿಬ್ಬರಿಗೂ ಗುಂಡಿ ಸಾಕು."

"ಹಾಗಲ್ಲ ಭಾವ," ಯಜಮಾನಿಯೂ ದನಿ ಏರಿಸಿ ಸೇರಿಕೊಂಡಳು. "ದೊಡ್ಡ ಫೋನ್ ಇದ್ರೆ ಸಿನಿಮಾ ನೋಡಬಹುದು, ಪೇಪರ್ ಓದಬಹುದು. ಎಲ್ಲಿ ಕೂತಿದ್ರೂ ಹೊತ್ತು ಹೋಗುತ್ತೆ."

ಎಲ್ಲಿ ಕೂತಿದ್ದರೂ ಎಂಬ ಮಾತು ದೊಡ್ಡಪ್ಪನ ಬಲಗಿವಿಗೆ ಹೋಗಿ ಅಲ್ಲೇ ಉಳಿಯಿತು. ಖಜಾಂಚಿಯ ಕಡೆ ನೋಡಿದ. ಖಜಾಂಚಿ ತಲೆಯೆತ್ತದೆ ಬ್ರೆಡ್ಡಿನ ಅಂಚು ಕಿತ್ತು ಕಿತ್ತು ತಿನ್ನುತ್ತಿದ್ದ. ಚಿಕ್ಕವನಿದ್ದಾಗಿನಿಂದ ಹಾಗೇ, ತಪ್ಪು ಮಾಡಿದಾಗ ಅಂಚಿನಿಂದ ಶುರು ಮಾಡುತ್ತಿದ್ದ.

ಮಸಲತ್ತಿನ ಬುಡ ಹೊರಬೀಳಲು ತುಂಬ ದಿನವೇನೂ ಬೇಕಾಗಲಿಲ್ಲ. ದೊಡ್ಡಪ್ಪ ಪೇಪರ್ ಹಿಡಿದು ನಡುಮನೆಯಲ್ಲಿ ಕೂತಿದ್ದ; ತಾಯಿ ಮಗ ಅವನ ಎದುರಿಗೇ ಒಗೆದ ಬಟ್ಟೆ ಮಡಚುತ್ತಿದ್ದರು. ಸೋಫಾರಾಯನಿಗೆ ಸ್ವಂತ ಅಂಗಡಿ ಬೇಕಂತೆ. ಬೀದಿ ಕಡೆಯ ರೂಮು, ದೊಡ್ಡ ಕಿಟಕಿ, ಎರಡು ಸೋಫಾ ಒಂದು ಊಟದ ಮೇಜು ಇಟ್ಟರೆ ಹೋಗುವವರು ಬರುವವರು ನಿಂತು ನೋಡುತ್ತಾರಂತೆ. ದೊಡ್ಡಪ್ಪನಿಗೆ ಅಡುಗೆಮನೆಯ ಆಚೆ, ನೀರಿನ ಪಂಪು ಮತ್ತು ಹಳೆಯ ಸೈಕಲ್ಲು ಇರುವ ಹಿಂದಿನ ರೂಮು.

"ಅಲ್ಲಿಂದ ಬಚ್ಚಲಿಗೆ ಹೋಗಬೇಕಾದ್ರೆ ಹಿತ್ತಲು ದಾಟಬೇಕಲ್ಲೋ, ನೆಲ ಜಾರುತ್ತೆ," ಅಂದಳು ಯಜಮಾನಿ.

"ಚಪ್ಪಲಿ ಹಾಕ್ಕೋತಾರೆ."

"ಒಪ್ಪಬೇಕಲ್ಲ?"

"ಅದಕ್ಕೇ ಅಲ್ವಾ ಫೋನು? ಕೈಗೆ ಫೋನ್ ಕೊಟ್ರೆ ಮುಂದಿನ ರೂಮೂ ಒಂದೇ, ಹಿಂದಿನ ರೂಮೂ ಒಂದೇ. ನಮ್ಮ ಮಳಿಗೆ ಯಜಮಾನರ ತಾಯೀನ ನೋಡು, ಫೋನ್ ಕೊಟ್ಟ ಮೇಲೆ ಒಂದು ದಿನ ಊಟ ಕೊಡೋದು ಮರೆತ್ರಂತೆ, ಅವರಿಗೆ ಗೊತ್ತೇ ಆಗಿಲ್ಲ."

ಇಬ್ಬರೂ ನಕ್ಕರು. ದೊಡ್ಡಪ್ಪ ಪೇಪರಿನ ಪುಟ ತಿರುವಿದ. ಮೂಗಿಗೆ ತುಪ್ಪ ಸವರಲು ಬಂದವರು ಕನಿಷ್ಠ ಒಳ್ಳೆಯ ತುಪ್ಪವನ್ನಾದರೂ ತರುತ್ತಾರೋ ಇಲ್ಲವೋ ನೋಡೋಣ ಎಂದುಕೊಂಡ. ತಂದಿರಲಿಲ್ಲ. ಅದನ್ನು ತಿಳಿಯಲು ವಾರಗಳೇ ಹಿಡಿದವು.

ಯಾಕೆಂದರೆ ಎರಡು ಫೋನುಗಳಿದ್ದವು. ಒಂದು ನೀಲಿ, ಒಂದು ಕರಿ. ಎರಡೂ ತೀರಾ ಅಗ್ಗದ್ದಲ್ಲ, ತೀರಾ ದುಬಾರಿಯೂ ಅಲ್ಲ. ತೀರಾ ಅಗ್ಗದ್ದು ತಂದರೆ ಮುದುಕ ಮೂತಿ ತಿರುವುತ್ತಾನೆ, ದುಬಾರಿ ತಂದರೆ ಖಜಾಂಚಿಗೆ ನಿದ್ದೆ ಬರುವುದಿಲ್ಲ. ಬೆಲೆಯಲ್ಲಿ ಕರಿಯದು ನೀಲಿಯದಕ್ಕಿಂತ ಚೂರು ಹೆಚ್ಚು. ಆ ಚೂರಿಗಾಗಿ ಆ ಮನೆಯಲ್ಲಿ ನಡೆದಷ್ಟು ಚರ್ಚೆ ಮಕ್ಕಳ ಓದಿನ ಬಗ್ಗೆಯೂ ನಡೆದಿರಲಿಲ್ಲ. ಊಟಕ್ಕೆ ಕೂತರೆ ಅದೇ, ತರಕಾರಿ ಹೆಚ್ಚುವಾಗ ಅದೇ. ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ಯಜಮಾನಿ, "ಹಾಗಾದ್ರೆ ಕರಿಯದಕ್ಕೆ ಚಾರ್ಜರ್ ಬೇರೆ ತಗೋಬೇಕಾ?" ಎಂದು ಕೇಳುತ್ತಿದ್ದಳು.

"ಡಬ್ಬೀಲಿ ಬರಲ್ಲಮ್ಮ. ನೀಲಿಯದಕ್ಕೆ ಚಾರ್ಜರೂ ಬರುತ್ತೆ, ಕವರೂ ಬರುತ್ತೆ."

"ಕವರ್ ಪುಕ್ಕಟೆಯಾ?" ಖಜಾಂಚಿಯ ಮುಖದಲ್ಲಿ ಮೊದಲ ಸಲ ಬೆಳಕು ಕಂಡಿತು.

"ಪುಕ್ಕಟೆ. ಬ್ಯಾಟರೀನೂ ದೊಡ್ಡದು. ಆದ್ರೆ ಕ್ಯಾಮೆರಾ ಕರಿಯದ್ದು ಚೆನ್ನಾಗಿದೆ. ಬಟ್ಟೆಯ ನೇಯ್ಗೆ ಕೂಡ ಕಾಣುತ್ತೆ."

"ನಿಮ್ಮ ದೊಡ್ಡಪ್ಪ ಯಾರ ಬಟ್ಟೆಯ ನೇಯ್ಗೆ ನೋಡಬೇಕೋ?"

ಸೋಫಾರಾಯ ಕೆಮ್ಮಿದ. ನೋಡಬೇಕಾಗಿದ್ದದ್ದು ಅವನಿಗೆ. ಅಂಗಡಿ ಶುರುವಾದರೆ ಸೋಫಾಗಳ ಫೋಟೋ ತೆಗೆದು ಗಿರಾಕಿಗಳಿಗೆ ಕಳಿಸಲು ಒಳ್ಳೆಯ ಕ್ಯಾಮೆರಾ ಬೇಕಿತ್ತು. ತನ್ನದರಲ್ಲಿ ಕೆಂಪು ಸೋಫಾ ಕಿತ್ತಳೆಯಾಗಿ ಕಾಣುತ್ತಿತ್ತು. ದೊಡ್ಡಪ್ಪನ ಹೆಸರಿನಲ್ಲಿ ಕೊಳ್ಳುವುದು, ಆಗಾಗ ಕೇಳಿ ತೆಗೆದುಕೊಳ್ಳುವುದು. ಯಜಮಾನಿಯ ಲೆಕ್ಕ ಬೇರೆ. ಸ್ಪೀಕರಿನ ಸದ್ದು ಜೋರಾಗಿರಬೇಕು, ಯಾಕೆಂದರೆ ಅಡುಗೆಮನೆಯ ಪಕ್ಕದ ರೂಮಿನಿಂದ ಧಾರಾವಾಹಿ ತನಗೂ ಕೇಳಿಸಬೇಕು. ಮುದುಕನ ಮೊಣಕೈಗೆ ಬೆಲ್ಲ ಹಚ್ಚಿ ಎಲ್ಲರೂ ತಮ್ಮತಮ್ಮ ಬೇಳೆ ಬೇಯಿಸಿಕೊಳ್ಳುವವರೇ. ದೊಡ್ಡಪ್ಪ ಕೂತು ನೋಡುತ್ತಿದ್ದ. ಟಿಕೆಟ್ಟಿಲ್ಲದೆ ಹತ್ತಿದವರಲ್ಲೂ ಇವರಿಗಿಂತ ನಾಚಿಕೆ ಇರುವವರನ್ನು ಅವನು ಕಂಡಿದ್ದ.

"ಅವರನ್ನೇ ಕೇಳಬಾರದಾ ಯಾವುದು ಬೇಕು ಅಂತ?" ಪುಟ್ಟಿ ಒಂದು ದಿನ ಕೇಳಿದಳು.

"ಅವರಿಗೇನು ಗೊತ್ತಾಗುತ್ತೆ?" ಮೂವರೂ ಒಟ್ಟಿಗೆ ಅಂದರು. ಬೇರೆ ಯಾವ ವಿಷಯದಲ್ಲೂ ಮೂವರಿಗೆ ಅಷ್ಟು ಒಮ್ಮತವಾದದ್ದು ದೊಡ್ಡಪ್ಪನಿಗೆ ನೆನಪಿಲ್ಲ.

ಮುಂದಿನ ವಾರ ಪುಟ್ಟಿ ರಜೆಯ ದಿನ ಅವನನ್ನು ಹೊರಡಿಸಿದಳು. "ಬಾ ದೊಡ್ಡಪ್ಪ, ಕಾಲಾಡಿಸಿ ಬರೋಣ" ಎಂದು ಕರೆದುಕೊಂಡು ಹೋದದ್ದು ಫೋನಿನ ಅಂಗಡಿಗೆ. ಗಾಜಿನ ಬಾಗಿಲು, ಒಳಗೆ ಕೊರೆಯುವ ತಣ್ಣನೆ ಗಾಳಿ, ಎದೆಯ ಮೇಲೆ ಬಿಲ್ಲೆ ಅಂಟಿಸಿಕೊಂಡ ಹುಡುಗಿಯೊಬ್ಬಳು ಎರಡೂ ಫೋನು ತಂದು ಗಾಜಿನ ಮೇಲಿಟ್ಟಳು. ದೊಡ್ಡಪ್ಪ ಮೊದಲು ಮುಟ್ಟಲೇ ಇಲ್ಲ, ಬಿಗುಮಾನ. ಆಮೇಲೆ ನೀಲಿಯದನ್ನು ಎತ್ತಿದ. ಇಟ್ಟಿಗೆಯ ಹಾಗಿತ್ತು. ಕರಿಯದನ್ನು ಎತ್ತಿದ. ಅದು ಹಗುರ, ಅಂಗೈಗೆ ಹಿತವಾಗಿ ಕೂತಿತು. ಪುಟ್ಟಿ ಅಕ್ಷರ ದೊಡ್ಡದು ಮಾಡಿ ಪೇಪರ್ ತೆರೆದುಕೊಟ್ಟಳು. ಕನ್ನಡಕವಿಲ್ಲದೆ ಓದಲು ಬಂತು. ಆಮೇಲೆ ಯಾರೋ ರೈಲಿನ ಎಂಜಿನ್ನಿನಲ್ಲಿ ಕೂತು ತೆಗೆದ ವಿಡಿಯೋ ಹಾಕಿದಳು. ಹಳಿಗಳು ಕಣ್ಣ ಮುಂದೆ ಓಡಿಬಂದವು, ಸುರಂಗ ಬಂತು, ಸುರಂಗ ಮುಗಿದು ಬಿಸಿಲು ಬಂತು. ದೊಡ್ಡಪ್ಪ ನಿಂತಲ್ಲೇ ನಿಂತು ಪೂರ್ತಿ ನೋಡಿದ. ಹಿಂದೆ ಗಿರಾಕಿಗಳು ಕಾಯುತ್ತಿದ್ದರೂ ಕದಲಲಿಲ್ಲ.

"ಇಷ್ಟ ಆಯ್ತಾ?" ಪುಟ್ಟಿ ಅವನ ಕಿವಿಯ ಹತ್ತಿರ ಬಾಗಿ ಕೇಳಿದಳು.

"ಪರವಾಗಿಲ್ಲ."

"ನೀನು ಪರವಾಗಿಲ್ಲ ಅಂದ್ರೆ ತುಂಬಾ ಇಷ್ಟ ಆಯ್ತು ಅಂತ." ಪುಟ್ಟಿ ನಕ್ಕಳು. "ಕರಿಯದೇ ಒಳ್ಳೇದು ದೊಡ್ಡಪ್ಪ. ಕಂಪನಿಯೋರು ಆರು ವರ್ಷ ಅಪ್‌ಡೇಟ್ ಕೊಡ್ತಾರೆ. ನೀಲಿಯದಕ್ಕೆ ಎರಡೇ ವರ್ಷ."

"ಹಂಗಂದ್ರೆ?"

"ಒಳಗಿರೋದನ್ನ ಆಗಾಗ ಹೊಸದು ಮಾಡ್ತಾ ಇರ್ತಾರೆ. ಅದು ನಿಂತ ಮೇಲೆ ಬ್ಯಾಂಕಿನ ಆ್ಯಪು ಗೀಪು ಒಂದೊಂದೇ ಕೈ ಕೊಡುತ್ತೆ. ಫೋನ್ ಏನೋ ಇರುತ್ತೆ, ಆದ್ರೆ ಅದರ ಗೋಜಿಗೆ ಯಾರೂ ಬರಲ್ಲ."

ವಾಪಸು ಬರುವಾಗ ದೊಡ್ಡಪ್ಪ ತನ್ನ ಬಗ್ಗೆಯೇ ಬೇಸರಪಟ್ಟುಕೊಂಡ. ಯಾಕೆಂದರೆ ಅವನಿಗೆ ಆಸೆ ಹುಟ್ಟಿತ್ತು. ಇಷ್ಟು ವರ್ಷ ಎಲ್ಲರ ಆಸೆಯನ್ನೂ ಹೀಯಾಳಿಸಿಕೊಂಡು ಬಂದವನಿಗೆ ಅಂಗೈಯಗಲದ ಗಾಜಿನ ಮೇಲೆ ಆಸೆ. ಹಿಂದಿನ ರೂಮಿಗೆ ಸುಣ್ಣ ಬಳಿದು, ನೆಲಕ್ಕೆ ಒರಟು ಕಲ್ಲು ಹಾಕಿಸಿದರೆ ಇರಬಹುದೇನೋ ಎಂದು ಬೀದಿಯ ತಿರುವಿನಲ್ಲಿ ಒಂದು ಸಲ ಅನ್ನಿಸಿತು; ಮನೆ ಬರುವಷ್ಟರಲ್ಲಿ ಇನ್ನೊಂದು ಸಲ ಅನ್ನಿಸಿತು. ಸೋಫಾರಾಯ ದಡ್ಡನಿರಬಹುದು, ಮುದುಕರನ್ನು ಎಷ್ಟಕ್ಕೆ ಕೊಳ್ಳಬಹುದೆಂದು ಅಂದಾಜು ಮಾಡುವುದರಲ್ಲಿ ದಡ್ಡನಲ್ಲ. ಕರಿಯ ಫೋನು ಕೊಟ್ಟರೆ ರೂಮು ಬಿಟ್ಟುಬಿಡುವುದೆಂದು ದೊಡ್ಡಪ್ಪ ಒಳಗೊಳಗೇ ನಿಶ್ಚಯಿಸಿದ. ತಾನು ಇಷ್ಟು ಅಗ್ಗವೇ ಎಂದು ನಗುವೂ ಬಂತು.

ಮನೆಯಲ್ಲಿ ಚರ್ಚೆ ಇನ್ನೂ ಮೀನಮೇಷ ಎಣಿಸುತ್ತಲೇ ಇತ್ತು. ಅಂತೂ ಅಳೆದೂ ಸುರಿದೂ ಒಂದು ಸಂಜೆ ಊಟದ ಮೇಜಿನ ಮೇಲೆ ಅದು ಇತ್ಯರ್ಥವಾಯಿತು. ಅನ್ನ, ಬೇಯಿಸಿದ ಹುರುಳಿಕಾಯಿ, ಹುರಿದ ಮೀನು. ಮೀನಿನ ತಲೆಯ ಕಡೆ ದೊಡ್ಡಪ್ಪನಿಗೆ, ನಡುವಿನ ತುಂಡು ಸೋಫಾರಾಯನಿಗೆ. ದೊಡ್ಡಪ್ಪ ಮುಳ್ಳು ಬಿಡಿಸುತ್ತ ತಲೆ ತಗ್ಗಿಸಿ ಕೂತಿದ್ದ.

"ಇವತ್ತು ಮುಗಿಸಿಬಿಡಿ ಇದನ್ನ," ಯಜಮಾನಿ ಅಂದಳು. "ಯಾವುದು?"

"ಒಟ್ಟಾರೆ ವ್ಯತ್ಯಾಸ ಏನು, ಅದು ಹೇಳು," ಖಜಾಂಚಿ ಮಗನನ್ನು ಕೇಳಿದ.

"ಕ್ಯಾಮೆರಾ ಬಿಡು, ಒಂದು ಕೈ ಹೆಚ್ಚು ಒಂದು ಕೈ ಕಮ್ಮಿ. ನಾನು ಅಡ್ಜಸ್ಟ್ ಮಾಡ್ಕೋತೀನಿ."

"ನೀನು ಯಾಕೋ ಅಡ್ಜಸ್ಟ್ ಮಾಡ್ಕೋಬೇಕು?" ಪುಟ್ಟಿ ಕೇಳಿದಳು.

"ಮಾತಿಗೆ ಹೇಳ್ದೆ. ಅಪ್ಪಾ, ನಿಜವಾದ ವ್ಯತ್ಯಾಸ ಅಂದ್ರೆ ಅಪ್‌ಡೇಟು. ಕರಿಯದಕ್ಕೆ ಆರು ವರ್ಷ. ನೀಲಿಯದಕ್ಕೆ ಎರಡು ವರ್ಷ. ಆ ಹೆಚ್ಚಿನ ದುಡ್ಡು ಅದಕ್ಕೇ."

"ಆರು ವರ್ಷಾನ ಭಾವ ಏನ್ ಮಾಡ್ತಾರೆ?"

"ಅದೇ ನಾನೂ ಯೋಚನೆ ಮಾಡಿದ್ದು. ದೊಡ್ಡಪ್ಪಂಗೆ ಎರಡು ವರ್ಷ ಸಾಕು."

"ಸಾಕು ಸಾಕು," ಅಂದ ಖಜಾಂಚಿ. "ಅದೇ ಹೆಚ್ಚು. ಉಪ್ಪು ಕೊಡು ಈ ಕಡೆ."

ದೊಡ್ಡಪ್ಪನ ಬೆರಳು ಮೀನಿನ ಮುಳ್ಳಿನ ಮೇಲೆ ನಿಂತಿತು. ತಲೆಯೆತ್ತಲಿಲ್ಲ. ಸೋಫಾರಾಯನ ಮಾತು ಅವನಿಗೆ ತಾಗಲಿಲ್ಲ, ಅಂಥವನಿಂದ ಅಂಥ ಮಾತೇ. ಯಜಮಾನಿಯದೂ ತಾಗಲಿಲ್ಲ. ತಮ್ಮನದು ತಾಗಿತು. ಚಿಕ್ಕಂದಿನಲ್ಲಿ ತಾನು ಈಜು ಕಲಿಸುವಾಗ ಹೆದರಿ ಕುತ್ತಿಗೆಗೆ ಜೋತುಬಿದ್ದು ಉಗುರಿನಿಂದ ಗೀರಿದವನು, ಉಪ್ಪು ಕೇಳುವ ಉಸಿರಿನಲ್ಲೇ ಅಣ್ಣನ ಆಯುಷ್ಯವನ್ನೂ ಗಲ್ಲಾಕ್ಕೆ ಹಾಕಿಕೊಂಡಿದ್ದ. ಆದರೂ ದೊಡ್ಡಪ್ಪ ಒಬ್ಬಳ ಬಾಯಿಗಾಗಿ ಕಾದ. ಪುಟ್ಟಿ ಏನಾದರೂ ಅಂದಾಳು. ಅವಳಿಗೆ ಗೊತ್ತಿದೆ, ಅಂಗಡಿಯಲ್ಲಿ ತಾನು ಕದಲದೆ ನಿಂತದ್ದನ್ನು ಕಂಡಿದ್ದಾಳೆ.

"ನೀರು ಕೊಡಮ್ಮ," ಅಂದಳು ಪುಟ್ಟಿ.

ಅಷ್ಟೇ. ಹೂಜಿ ಕೈಯಿಂದ ಕೈಗೆ ದಾಟಿ ಹೋಯಿತು. ಎರಡು ವರ್ಷಕ್ಕೆ ಮನೆಮಂದಿಯೆಲ್ಲ ರುಜು ಹಾಕಿದ ಹಾಗಾಯಿತು. ದೊಡ್ಡಪ್ಪನಿಗೆ ಅವಮಾನವಾಯಿತು, ಅಳು ಬರುವಷ್ಟು ಅವಮಾನ. ಅವನು ಮೀನು ತಿಂದು ಮುಗಿಸಿದ, ಯಾಕೆಂದರೆ ತಿನ್ನದೆ ಬಿಟ್ಟರೆ ಕೇಳಿಸಿತೆಂದು ಇವರಿಗೆ ಗೊತ್ತಾಗುತ್ತದೆ.

"ಭಾವಾ! ಇನ್ನೊಂಚೂರು ಅನ್ನ ಹಾಕ್ಲಾ?" ಯಜಮಾನಿ ಕೂಗಿದಳು.

"ಸಾಕು," ಅಂದ.

ಬೆಳಿಗ್ಗೆ ಪುಟ್ಟಿ ಕೆಲಸಕ್ಕೆ ಹೊರಡುವ ಮುಂಚೆ ಟೀ ಹಿಡಿದುಕೊಂಡು ರೂಮಿಗೆ ಬಂದಳು. ದಿನವೂ ಬಾಗಿಲಲ್ಲಿಟ್ಟು ಹೋಗುವವಳು ಆವತ್ತು ಒಳಗೇ ಬಂದಳು. "ನಿನ್ನೆ ಊಟಕ್ಕೆ ಕೂತಾಗ... ನಿಂಗೇನಾದ್ರೂ ಕೇಳಿಸ್ತಾ ದೊಡ್ಡಪ್ಪ?"

"ಏನು?"

"ಏನೂ ಇಲ್ಲ." ಅವಳ ಮುಖ ಹಗುರಾಯಿತು. ಚಪ್ಪಲಿ ಮೆಟ್ಟಿಕೊಂಡು ಹಾಡಿಕೊಳ್ಳುತ್ತ ಹೋದಳು. ದೊಡ್ಡಪ್ಪ ಟೀ ಕುಡಿಯುತ್ತ, ಇವಳಿಗೂ ಒಂದು ಹೆಸರಿಡಬೇಕಾಯಿತಲ್ಲ ಎಂದುಕೊಂಡ. ಮನಸ್ಸು ಬರಲಿಲ್ಲ.

ಅಲ್ಲಿಂದ ಮುಂದೆ ಕೆಲಸ ಚುರುಕಾಯಿತು. ಹಿಂದಿನ ರೂಮಿನಿಂದ ಸೈಕಲ್ಲು ಹೊರಗೆ ಬಂತು. ಗೋಡೆಗೆ ಸುಣ್ಣ ಬಿತ್ತು, ಪಂಪಿನ ಮೇಲೆ ಹೂವಿನ ಚಿತ್ರದ ಬಟ್ಟೆ ಬಿತ್ತು. ಒಂದು ಮಧ್ಯಾಹ್ನ ದೊಡ್ಡಪ್ಪ ಮಂಚದ ಮೇಲೆ ಅಡ್ಡಾಗಿದ್ದಾಗ ಸೋಫಾರಾಯ ಟೇಪು ಹಿಡಿದು ಬಂದು ಗೋಡೆಯಿಂದ ಗೋಡೆಗೆ ಅಳತೆ ತೆಗೆದ. ಟೇಪು ಮಂಚದ ಮೇಲೆ ಹಾದುಹೋಗಬೇಕಾಗಿತ್ತು; ಅವನು ಅದನ್ನು ದೊಡ್ಡಪ್ಪನ ಹೊಟ್ಟೆಯ ಮೇಲಿಂದಲೇ ಎಳೆದ.

"ಏನೋ ಅದು?"

"ಸೊಳ್ಳೆ ಪರದೆಗೆ ಅಳತೆ, ದೊಡ್ಡಪ್ಪಾ!"

ಸೊಳ್ಳೆ ಪರದೆಗೆ ಕಿಟಕಿಯಿಂದ ಬಾಗಿಲಿನ ತನಕ ಅಳೆಯುವುದನ್ನು ದೊಡ್ಡಪ್ಪ ಅದೇ ಮೊದಲು ಕಂಡದ್ದು. ಹಿಂದಿನ ನಿಲ್ದಾಣದಲ್ಲಿ ಇಳಿದುಹೋದ ಗಂಡನ ಸುಳ್ಳು ಇದಕ್ಕಿಂತ ಎಷ್ಟೋ ವಾಸಿ, ಅದರಲ್ಲಿ ಒಂದಿಷ್ಟು ಶ್ರಮವಾದರೂ ಇತ್ತು.

ಭಾನುವಾರ ಮಧ್ಯಾಹ್ನದ ಊಟ ಮುಗಿದ ಮೇಲೆ ಡಬ್ಬಿ ಬಂತು. ಎಲ್ಲರೂ ಮುಂದಿನ ರೂಮಿಗೇ ಬಂದು ನಿಂತರು. ಅವರೆಲ್ಲ ಒಟ್ಟಿಗೆ ಆ ರೂಮಿಗೆ ಬಂದದ್ದು ಯಾವ ಕಾಲಕ್ಕೋ. ಯಜಮಾನಿ ಹೊಸ ಸೀರೆ ಉಟ್ಟಿದ್ದಳು. ಸೋಫಾರಾಯ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನೀಡಿದ, ಗಿರಾಕಿಗೆ ರಸೀದಿ ಕೊಡುವ ನಗುವಿನೊಂದಿಗೆ.

"ತಗೊಳ್ಳಿ ದೊಡ್ಡಪ್ಪಾ! ಅಂಗಡೀಲಿ ಇದಕ್ಕಿಂತ ಒಳ್ಳೇದು ಇರಲಿಲ್ಲ!"

ದೊಡ್ಡಪ್ಪ ಡಬ್ಬಿ ತೆರೆದ. ಅಂಟಿಸಿದ್ದ ಸೀಲು ಆಗಲೇ ಹರಿದಿತ್ತು. ಒಳಗೆ ನೀಲಿ ಇಟ್ಟಿಗೆ, ಅದಕ್ಕೆ ಪುಕ್ಕಟೆ ಕವರು ಬೇರೆ ತೊಡಿಸಿತ್ತು. ಬದಿಯ ಗುಂಡಿ ಒತ್ತಿದ. ಪುಟ್ಟಿ ಅಂಗಡಿಯಲ್ಲಿ ತೋರಿಸಿದ್ದು ನೆನಪಿತ್ತು. ಚಿತ್ರಗಳ ಮೇಲೆ ಬೆರಳಿಟ್ಟ. ಕೆಂಪು ಸೋಫಾ, ಕೆಂಪು ಸೋಫಾ ಇನ್ನೊಂದು ಕಡೆಯಿಂದ, ಕಂದು ಸೋಫಾ, ಊಟದ ಮೇಜು.

"ಕ್ಯಾಮೆರಾ ಸರಿ ಇದ್ಯಾ ಅಂತ ಒಂಚೂರು ನೋಡಿದೆ," ಅಂದ ಸೋಫಾರಾಯ.

"ಚೆನ್ನಾಗಿದೆ." ದೊಡ್ಡಪ್ಪ ಫೋನನ್ನು ಡಬ್ಬಿಯಲ್ಲಿಟ್ಟು ಮುಚ್ಚಿದ. "ಆದ್ರೆ ಎರಡು ವರ್ಷದ್ದು ನಂಗೆ ಬೇಡ."

ಬೀದಿಯಲ್ಲಿ ಹಳೇ ಪೇಪರಿನವನು ಕೂಗಿಕೊಂಡು ಹೋದ.

"ನಂಗೆ ಬಲಗಿವಿ ಕೇಳಿಸುತ್ತೆ," ದೊಡ್ಡಪ್ಪ ಅಂದ. "ಮೊದಲಿಂದಲೂ ಕೇಳಿಸುತ್ತೆ."

ಯಜಮಾನಿಯ ಮುಖ ಕಪ್ಪಿಟ್ಟಿತು. ಮೊದಲಿಂದ ಏನೇನು ಆಡಿದ್ದೆನೆಂದು ಅವಳು ನೆನಪು ಮಾಡಿಕೊಳ್ಳುತ್ತಿರುವುದು ಎದ್ದು ಕಾಣುತ್ತಿತ್ತು. ಅದು ಬೇಗ ಮುಗಿಯುವ ಕೆಲಸವಲ್ಲ. ಪುಟ್ಟಿ ಬಾಗಿಲ ಚೌಕಟ್ಟಿಗೆ ಒರಗಿ ಅಳತೊಡಗಿದಳು.

"ಅದು ಹಾಗಲ್ಲ ಅಣ್ಣ," ಖಜಾಂಚಿ ತೊದಲಿದ. "ಹುಡುಗ ಏನೋ ಬಾಯಿ ತಪ್ಪಿ..."

"ಹುಡುಗ ಎರಡು ಅಂದ. ಅದೇ ಹೆಚ್ಚು ಅಂದಿದ್ದು ನೀನು. ನನ್ನ ಲೆಕ್ಕ ನನಗಿರಲಿ. ಈ ರೂಮು ನಾನು ಬಿಡಲ್ಲ. ಫೋನ್ ವಾಪಸ್ ಕೊಡಿ."

"ಸೀಲ್ ಒಡೆದಿದೆ, ವಾಪಸ್ ತಗೊಳಲ್ಲ!" ಸೋಫಾರಾಯನಿಗೆ ನಾಚಿಕೆಗಿಂತ ಮೊದಲು ಸಿಟ್ಟು ಬಂತು. "ಇಷ್ಟು ದುಡ್ಡು ಹಾಕಿ ತಂದಿದೀವಿ, ಈಗ ಬೇಡ ಅಂದ್ರೆ? ಇದನ್ನ ಏನ್ ಮಾಡೋದು?"

"ಅದು ನಿಮ್ಮ ತಲೆನೋವು."

ಸೋಫಾರಾಯ ಡಬ್ಬಿ ಕಿತ್ತುಕೊಂಡ. ಸುತ್ತ ನೋಡಿದ. ದುಡ್ಡು ದಂಡವಾಗಬಾರದೆಂಬ ಒಂದೇ ಯೋಚನೆ ಅವನ ತಲೆಯಲ್ಲಿತ್ತು. ಅಪ್ಪನ ಮಗನೇ ತಾನೆ. ಅಪ್ಪ ಪಕ್ಕದಲ್ಲೇ ನಿಂತಿದ್ದ, ಅವನ ಫೋನಿನ ಗಾಜು ಒಡೆದು ಎಷ್ಟೋ ದಿನವಾಗಿತ್ತು.

"ತಗೋ ಅಪ್ಪ, ನೀನೇ ಇಟ್ಕೋ," ಅಂದು ಡಬ್ಬಿಯನ್ನು ಅವನ ಕೈಗೆ ತುರುಕಿದ. "ನಿಂಗೂ ಇದೇ ಸಾಕು."

ಅಂದವನಿಗೆ ತಾನೇನು ಅಂದೆನೆಂಬುದು ತಿಳಿಯಲಿಲ್ಲ. ಬಾಗಿಲು ದಾಟಿ, ಬೈಕ್ ಶುರು ಮಾಡಿಕೊಂಡು ಹೊರಟೇಹೋದ. ಖಜಾಂಚಿ ಮಾತ್ರ ಡಬ್ಬಿ ಹಿಡಿದು ನಿಂತಲ್ಲೇ ನಿಂತಿದ್ದ. ಅವನು ಅಣ್ಣನಿಗಿಂತ ನಾಲ್ಕೇ ವರ್ಷ ಚಿಕ್ಕವನು. ಡಬ್ಬಿಯ ಮೇಲಿನ ಅಕ್ಷರಗಳನ್ನು ಓದುವವನ ಹಾಗೆ ತಲೆ ಬಗ್ಗಿಸಿದ್ದ, ಕನ್ನಡಕ ಹಾಕಿಕೊಂಡಿರಲಿಲ್ಲ.

"ಏನ್ರೀ, ನಿಂತೇ ಬಿಟ್ರಲ್ಲ, ಬನ್ನಿ," ಯಜಮಾನಿ ಕರೆದಳು. ಅವನಿಗೆ ಕೇಳಿಸಲಿಲ್ಲ.

ದೊಡ್ಡಪ್ಪನಿಗೆ ಆ ಹೊತ್ತಿನಲ್ಲಿ ಸಂತೋಷವಾಯಿತು. ಮುಚ್ಚಿಡುವುದೇನು, ಚೆನ್ನಾಗಿಯೇ ಸಂತೋಷವಾಯಿತು.

ಆಮೇಲಿನ ದಿನಗಳಲ್ಲಿ ಖಜಾಂಚಿಗೆ ಏನೋ ಹಿಡಿದುಕೊಂಡಿತು. ಟೀಗೆ ಸಕ್ಕರೆ ಕಮ್ಮಿ ಎಂದು ಕಪ್ಪು ಕುಕ್ಕಿದ. ಮಗ ಗಡಿಯಾರ ನೋಡಿಕೊಂಡರೆ, "ಯಾಕೋ, ನನ್ನ ಹೊತ್ತು ನೋಡ್ತಿದ್ದೀಯಾ?" ಎಂದು ಹಾಯ್ದ. ಊಟದ ಮೇಜಿನ ಮೇಲೆ ಮೀನು ಬಂದರೆ ಯಾವ ತುಂಡು ಯಾರ ತಟ್ಟೆಗೆ ಬೀಳುತ್ತದೆಂದು ಕಣ್ಣಿಟ್ಟು ನೋಡತೊಡಗಿದ. ಹೆಂಡತಿ ಡಾಕ್ಟರ ಬಳಿ ಹೋಗಿ ಬನ್ನಿ ಅಂದದ್ದಕ್ಕೆ, "ಯಾಕೆ, ಎಷ್ಟು ವರ್ಷ ಅಂತ ಕೇಳ್ಕೊಂಡು ಬರಲಾ?" ಎಂದು ಕೂಗಾಡಿದ. ನೀಲಿ ಫೋನು ಡಬ್ಬಿಯಲ್ಲೇ ಕಪಾಟಿನ ಮೇಲೆ ಕೂತಿತ್ತು, ಅವನು ಅದನ್ನು ಮುಟ್ಟಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಹಿಂದಿನ ರೂಮು. ಅದು ಈಗ ಬೆಳ್ಳಗೆ ಸುಣ್ಣ ಬಳಿಸಿಕೊಂಡು ಖಾಲಿ ಇತ್ತು. ಅಡುಗೆಮನೆಗೆ ಹೋದಾಗಲೆಲ್ಲ ಖಜಾಂಚಿಗೆ ಅದು ಕಾಣುತ್ತಿತ್ತು. ಗಲ್ಲಾ ಕೆಲಸ ಇನ್ನು ಕೆಲವು ತಿಂಗಳು, ಅಂಗಡಿಯ ಮಾಲೀಕನ ಮಗ ಆಗಲೇ ಕಂಪ್ಯೂಟರ್ ತಂದಿಟ್ಟಿದ್ದ. ಒಂದು ಬೆಳಿಗ್ಗೆ ಸೋಫಾರಾಯ ಹಿಂದಿನ ರೂಮಿನ ಬಾಗಿಲಲ್ಲಿ ನಿಂತು ತಾಯಿಗೆ, "ಇಷ್ಟೆಲ್ಲ ಖರ್ಚು ಮಾಡಿದೀವಿ, ಯಾರಾದ್ರೂ ಉಪಯೋಗಿಸಬೇಕಲ್ಲಮ್ಮ" ಅಂದ. ಸುಮ್ಮನೆ ಅಂದ ಮಾತು. ಪಕ್ಕದಲ್ಲಿ ಹಲ್ಲುಜ್ಜುತ್ತಿದ್ದ ಖಜಾಂಚಿ ಬಾಯಿ ತೊಳೆಯುವುದನ್ನೂ ಮರೆತ.

ಆವತ್ತು ಸಂಜೆ ಅವನು ಅಂಗಡಿಯಿಂದ ಬಂದವನೇ ಬಟ್ಟೆ ಬದಲಿಸದೆ ಮುಂದಿನ ರೂಮಿಗೆ ಬಂದ. ದೊಡ್ಡಪ್ಪ ಕಿಟಕಿಯ ಪಕ್ಕ ಕೂತು ಪೇಪರ್ ಓದುತ್ತಿದ್ದ. ತಮ್ಮ ಕುರ್ಚಿಯ ತುದಿಯಲ್ಲಿ ಕೂತ. ಬಿಸಿಲು ಹೇಗೆ, ಪಿಂಚಣಿ ಬಂತಾ, ಎದುರು ಮನೆಯವರು ಬಣ್ಣ ಹೊಡೆಸಿದಾರಲ್ಲ. ದೊಡ್ಡಪ್ಪ ಹೂಂ ಹೂಂ ಅಂದ. ಟಿಕೆಟ್ಟಿಲ್ಲದವನು ಜೇಬು ತಡಕಾಡುತ್ತ ಹೊತ್ತು ಕಳೆಯುವುದನ್ನು ಅವನು ಸಾವಿರ ಸಲ ನೋಡಿದ್ದ, ಅವಸರಪಡಿಸಲಿಲ್ಲ.

ತಮ್ಮ ಎದ್ದು ಬಾಗಿಲು ಮುಂದೆ ಮಾಡಿ ಬಂದ. ದೊಡ್ಡಪ್ಪನ ಬಲಗಡೆಗೆ ಬಂದು ನಿಂತ.

"ಅಣ್ಣಾ."

"ಏನು?"

"ಈ ರೂಮಲ್ಲಿ ಇನ್ನೊಂದು ಮಂಚ ಹಿಡಿಯುತ್ತಾ?"

ದೊಡ್ಡಪ್ಪ ಪೇಪರ್ ಕೆಳಗಿಳಿಸಿ ತಮ್ಮನ ಮುಖ ನೋಡಿದ. ಬೈಯಬೇಕೆಂದು ಎಷ್ಟೋ ಮಾತು ಕೂಡಿಟ್ಟುಕೊಂಡಿದ್ದ, ಒಂದಕ್ಕಿಂತ ಒಂದು ಖಾರ. ಆ ಮುಖದ ಮೇಲೆ ಅವು ಯಾವುವನ್ನೂ ಖರ್ಚು ಮಾಡಲು ಮನಸ್ಸಾಗಲಿಲ್ಲ. ಥೂ ಎನ್ನಿಸಿತು, ಅಯ್ಯೋ ಎಂದೂ ಅನ್ನಿಸಿತು.

"ಹಿಡಿಯುತ್ತೆ," ಅಂದ. "ಗೋಡೆ ಕಡೆ ಹಾಕ್ಕೋ. ಕಿಟಕಿ ನಂದು."